ಕುಂಟೆ ಬೀದಿ ಎರಡು ಸಲ

ಸೊಣ್ಣಪ್ಪ ಮಾವನ ಬಗ್ಗೆ ಬರೆಯಿರಿ ಅಂತ ಯಾರೂ ನನ್ನನ್ನು ಕೇಳಿಲ್ಲ. ನಮ್ಮೂರಲ್ಲಿ ನೀರು ಬಿಡುವ ನೀರುಗಂಟಿಯ ಬಗ್ಗೆ ಬರೆಯುವುದೆಂದರೆ ದೂರು ಬರೆಯುವುದು ಅಂತಲೇ ಅರ್ಥ. ನೀರು ಬರಲಿಲ್ಲ, ತಡವಾಗಿ ಬಂತು, ಬೇಗ ನಿಂತಿತು, ಅವರ ಬೀದಿಗೆ ಹೆಚ್ಚು ಬಂತು. ಇಪ್ಪತ್ತಾರು ವರ್ಷದಲ್ಲಿ ಅಂಥ ಕಾಗದಗಳು ಪಂಚಾಯ್ತಿಗೆ ಎಷ್ಟು ಹೋಗಿವೆಯೋ ಏನೋ. ಅದರಲ್ಲಿ ಒಂದೆರಡನ್ನು ನಾನೇ ಟೈಪ್ ಮಾಡಿಕೊಟ್ಟಿದ್ದೇನೆ. ಆ ಮನುಷ್ಯನ ಪರವಾಗಿ ಒಂದು ಕಾಗದವಾದರೂ ಇರಲಿ ಅಂತ ಈಗ ಕೂತಿದ್ದೇನೆ. ಪರವಾಗಿ ಅಂದೆನಲ್ಲ, ಕೊನೆಯವರೆಗೆ ಓದಿದರೆ ಅದೂ ಪೂರ್ತಿ ನಿಜವಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ನಾನು ಕಲ್ಪನ. ನಮ್ಮೂರು ಕ್ಯಾಸಂಬಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿದೆ. ಎಂಟೂಕಾಲರ ಬಸ್ಸಿಗೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಅಲ್ಲೊಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಒಂದು ಬ್ಯಾಚಿಗೆ ತಮಿಳು ಬೆರೆಸಿ, ಇನ್ನೊಂದಕ್ಕೆ ತೆಲುಗು ಬೆರೆಸಿ, ಒಂದೇ ಪಾಠವನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಮಕ್ಕಳಿಗೆ ಬೇಕಾಗಿರುವುದು ಸರ್ಟಿಫಿಕೇಟು, ನನಗೆ ಬೇಕಾಗಿರುವುದು ಸಂಜೆಯ ಬಸ್ಸಿನಲ್ಲಿ ಒಂದು ಸೀಟು. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಊರಿನವರ ಕಣ್ಣಿಗೆ ನಾನು ಟೀಚರಮ್ಮ. ಪ್ರಿಂಟರು ಕೆಟ್ಟರೂ, ಫೋನು ಸತ್ತರೂ, ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಿದರೂ ನಮ್ಮ ಮನೆ ಬಾಗಿಲಿಗೇ ಬರುತ್ತಾರೆ.

ಸೊಣ್ಣಪ್ಪನವರು ನನಗೆ ಸಂಬಂಧವೇನಲ್ಲ, ಊರಿನ ಲೆಕ್ಕದಲ್ಲಿ ಮಾವ. ಅರವತ್ತಮೂರು ವಯಸ್ಸು. ಮೊದಲು ಕುರಿ ಕಾಯುತ್ತಿದ್ದರಂತೆ. ಊರಿಗೆ ನೀರಿನ ಟ್ಯಾಂಕು ಕಟ್ಟಿದ ವರ್ಷ, ಕಟ್ಟುವವರಿಗೆ ಇಟ್ಟಿಗೆ ಹೊತ್ತುಕೊಟ್ಟರು. ಕಟ್ಟಿ ಮುಗಿದ ಮೇಲೆ ಕಂಟ್ರಾಕ್ಟರು ವಾಲ್ವು ತಿರುಗಿಸುವ ಕಬ್ಬಿಣದ ಕೀಲಿಯನ್ನು ಯಾರ ಕೈಗೆ ಕೊಡಲಿ ಅಂತ ನೋಡಿದಾಗ ಹತ್ತಿರದಲ್ಲಿ ನಿಂತಿದ್ದವರು ಇವರು. ಅವತ್ತಿನಿಂದ ಆ ಕೀಲಿ ಇವರ ಹೆಗಲಿನ ಮೇಲೇ ಇದೆ. ನೇಮಕದ ಕಾಗದ ಬಂದದ್ದು ಒಂಬತ್ತು ವರ್ಷವಾದ ಮೇಲೆ.

ನಮ್ಮೂರಲ್ಲಿ ನೀರು ಮೂರು ದಿನಕ್ಕೊಂದು ಸಲ. ಬೋರ್‌ವೆಲ್ಲಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಒಂದು ದೊಡ್ಡ ಪೈಪು, ಆ ಪೈಪಿನಿಂದ ಆರು ಬೀದಿಗೆ ಆರು ವಾಲ್ವು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾರಿಗೂ ಸಿಕ್ಕುವುದಿಲ್ಲ. ಆದ್ದರಿಂದ ಒಂದನ್ನು ತೆಗೆದು, ಇಷ್ಟು ನಿಮಿಷ ಕಾದು, ಅದನ್ನು ಮುಚ್ಚಿ ಇನ್ನೊಂದನ್ನು ತೆಗೆಯಬೇಕು. ಯಾವುದರ ಮೇಲೆ ಯಾವುದು, ಎಷ್ಟು ನಿಮಿಷ, ಇದೆಲ್ಲ ಸೊಣ್ಣಪ್ಪ ಮಾವನ ತಲೆಯಲ್ಲಿತ್ತು. ಗಡಿಯಾರ ಕಟ್ಟಿದವರಲ್ಲ. ವಾಲ್ವಿನ ಗುಂಡಿಯಲ್ಲಿ ಇಳಿದು, ಪೈಪಿಗೆ ಅಂಗೈ ಇಟ್ಟು, ಸಾಕು ಅನ್ನಿಸಿದಾಗ ತಿರುಗಿಸುತ್ತಿದ್ದರು. ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುತ್ತಾ ಇಲ್ಲೆಲ್ಲೋ ಪೈಪು ಸೋರುತ್ತಿದೆ ಅಂತ ಹೇಳಿ ಅಗೆಸಿದ್ದನ್ನು ನಾನೇ ನೋಡಿದ್ದೇನೆ, ಸೋರುತ್ತಿತ್ತು. ಮಗಳ ಮದುವೆಯ ದಿನ ಧಾರೆ ಎರೆದು, ಒದ್ದೆ ಕೈಯಲ್ಲೇ ಹೋಗಿ ಡೈರಿ ಬೀದಿಯ ವಾಲ್ವು ಮುಚ್ಚಿ ಬಂದು ಊಟಕ್ಕೆ ಕೂತವರು. ಈ ಇಪ್ಪತ್ತಾರು ವರ್ಷದಲ್ಲಿ ಮೂರು ದಿನ ಒಟ್ಟಿಗೆ ಊರು ಬಿಟ್ಟಿರಲಿಲ್ಲ.

ಹೊಟ್ಟೆಯ ಕೆಳಗೆ ಹರ್ನಿಯಾ ಊದಿಕೊಂಡು ನಾಲ್ಕು ವರ್ಷವಾಗಿತ್ತು. ಕೀಲಿ ತಿರುಗಿಸುವಾಗ ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದರು. ಈ ಸಲ ಬಂಗಾರಪೇಟೆಯ ಡಾಕ್ಟರು ಇನ್ನು ಬಿಟ್ಟರೆ ಕರುಳು ಸಿಕ್ಕಿಕೊಳ್ಳುತ್ತದೆ, ಆಪರೇಷನ್ ಆಗಲೇಬೇಕು, ಆಮೇಲೆ ಎರಡು ತಿಂಗಳು ಭಾರ ಎತ್ತುವ ಹಾಗಿಲ್ಲ ಅಂದುಬಿಟ್ಟರು. ಅವರ ಜಾಗಕ್ಕೆ ಮುನೀಂದ್ರ ಅನ್ನುವವನನ್ನು ಗೊತ್ತು ಮಾಡಿದರು. ಒಳ್ಳೆಯವನೇ, ಕೈಯಲ್ಲಿ ಬಲವೂ ಇದೆ, ಆದರೆ ಯಾವ ವಾಲ್ವು ಯಾವಾಗ ಅನ್ನುವುದು ಅವನಿಗೆ ಗೊತ್ತಿಲ್ಲ. ಕಾಗದದಲ್ಲಿ ಬರೆದುಕೊಟ್ಟರೆ ದಾರಿಯಲ್ಲಿ ಸಿಕ್ಕವರೆಲ್ಲ ನಮಗೆ ಹತ್ತು ನಿಮಿಷ ಜಾಸ್ತಿ ಬಿಡಪ್ಪ ಅಂತ ಅವನನ್ನು ಹಿಂಡಿಬಿಡುತ್ತಾರೆ. ಆದ್ದರಿಂದ ಪಂಚಾಯ್ತಿ ಮೆಂಬರು ನಂದಕುಮಾರ್ ನನ್ನ ಹತ್ತಿರ ಬಂದರು. ಮುನೀಂದ್ರನ ಫೋನಿಗೆ ಒಂದು ಆ್ಯಪ್ ಮಾಡಿಕೊಡಿ. ಈಗ ಈ ಬೀದಿ ತೆಗಿ, ಈಗ ಮುಚ್ಚು ಅಂತ ಅದು ಕೂಗಬೇಕು. ಯಾರು ಬಂದು ಗೋಗರೆದರೂ ಅದನ್ನು ಬದಲಾಯಿಸಲು ಆಗಬಾರದು. ಪಟ್ಟಿಯಲ್ಲಿ ಏನೇ ತಿದ್ದುವುದಿದ್ದರೂ ಸಭೆಯಲ್ಲಿ ಒಪ್ಪಿದ ಮೇಲೆ. ಇಷ್ಟು ಹೇಳಿ, ಇದೆಲ್ಲ ನಿಮಗೆ ಐದು ನಿಮಿಷದ ಕೆಲಸ ಅಂತ ಹೊರಟುಹೋದರು. ಐದು ನಿಮಿಷದ ಕೆಲಸ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆ ಭಾನುವಾರ ಬೆಳಿಗ್ಗೆ ಸೊಣ್ಣಪ್ಪ ಮಾವನ ಹಿಂದೆ ಒಂದೊಂದು ಗುಂಡಿಗೂ ಹೋಗಿ ಬರೆದುಕೊಂಡೆ. ಅವರು ಹೇಳುತ್ತಾ ಹೋದರು: ಮೊದಲು ಕುಂಟೆ ಬೀದಿ ಇಪ್ಪತ್ತು ನಿಮಿಷ, ಆಮೇಲೆ ದೇವಸ್ಥಾನದ ಬೀದಿ, ಶಾಲೆ ಬೀದಿ, ಡೈರಿ ಬೀದಿ, ಮೇಲಿನ ಬೀದಿ, ಹೊಸ ಬಡಾವಣೆ, ಕಡೆಗೆ ಕುಂಟೆ ಬೀದಿ. ಕೊನೆಯದು ಎಷ್ಟು ನಿಮಿಷ ಅಂದರೆ, ಉಳಿದಷ್ಟು ಅಂದರು. ನಾನು ಬಿಸಿಲಲ್ಲಿ ನಿಂತು ಬರೆದುಕೊಂಡೆನೇ ಹೊರತು ಒಂದನ್ನೂ ಯೋಚಿಸಲಿಲ್ಲ. ಕುಂಟೆ ಬೀದಿ ಅಂದರೆ ಊರಿನ ತಗ್ಗಿನಲ್ಲಿ ಕುಂಟೆಯ, ಅಂದರೆ ಸಣ್ಣ ಕೆರೆಯ, ಪಕ್ಕಕ್ಕಿರುವ ಹದಿನಾಲ್ಕು ಮನೆ. ಅದರಲ್ಲಿ ಒಂದು ಸೊಣ್ಣಪ್ಪ ಮಾವನದೇ.

ಮಂಗಳವಾರ ಅವರು ಹೆಂಡತಿ ಅಂಜಮ್ಮನ ಜೊತೆ ಆಸ್ಪತ್ರೆಗೆ ಹೋದರು. ಬುಧವಾರ ನೀರಿನ ದಿನ. ಮಂಗಳವಾರ ಮಧ್ಯಾಹ್ನ ಎರಡು ಬ್ಯಾಚಿನ ನಡುವೆ ಸಿಗುವ ಮುಕ್ಕಾಲು ಗಂಟೆಯಲ್ಲಿ, ಡಬ್ಬಿಯ ಚಿತ್ರಾನ್ನ ತಿನ್ನುತ್ತಾ ಆ್ಯಪ್ ಮುಗಿಸಲು ಕೂತೆ. ಬರೆದದ್ದು ಡಾರ್ಟ್ ಎಂಬ ಭಾಷೆಯಲ್ಲಿ. ಅದರಲ್ಲಿ ಒಂದು ಪಟ್ಟಿಯ ಮುಂದೆ ಕಾನ್ಸ್ಟ್ ಅಂತ ಬರೆದುಬಿಟ್ಟರೆ ಆ ಪಟ್ಟಿ ಕಲ್ಲಾಗುತ್ತದೆ. ಆ್ಯಪ್ ಫೋನಿನಲ್ಲಿ ಓಡುವಾಗ ಯಾರೂ ಅದಕ್ಕೆ ಸೇರಿಸುವ ಹಾಗಿಲ್ಲ, ಅದರಿಂದ ತೆಗೆಯುವ ಹಾಗಿಲ್ಲ. ನಂದಕುಮಾರ್ ಕೇಳಿದ್ದು ಇದನ್ನೇ. ಬೀದಿಯ ಹೆಸರು ಎಡಗಡೆ, ಅದರ ನಿಮಿಷ ಬಲಗಡೆ, ಹೀಗೆ ಜೋಡಿ ಜೋಡಿಯಾಗಿ ಇಡುವ ಪಟ್ಟಿಗೆ ಮ್ಯಾಪ್ ಅನ್ನುತ್ತಾರೆ. ಕಾನ್ಸ್ಟ್ ಮ್ಯಾಪ್ ಮಾಡಿ ಏಳು ಸಾಲು ಬರೆದೆ.

ಕಲ್ಲಾದ ಪಟ್ಟಿಯ ವಿಷಯದಲ್ಲಿ ಕೋಡನ್ನು ತಪಾಸಣೆ ಮಾಡುವ ಕಂಪೈಲರು ಬಹಳ ಕಟ್ಟುನಿಟ್ಟು. ಆ್ಯಪ್ ಓಡುವುದಕ್ಕೆ ಮುಂಚೆಯೇ, ಕೋಡನ್ನು ಫೋನಿಗೆ ಒಪ್ಪುವಂತೆ ಕಟ್ಟುವಾಗಲೇ, ಒಂದೊಂದು ಸಾಲನ್ನೂ ತಡೆದು ಕೇಳುತ್ತದೆ. ಮೊದಲು ಕೆಂಪು ಗೆರೆ ಎಳೆದು ತಡೆದದ್ದು ಕೊನೆಯ ಸಾಲನ್ನು. ಉಳಿದಷ್ಟು ಅಂದಿದ್ದರಲ್ಲ, ಟ್ಯಾಂಕಿನಲ್ಲಿ ಅವತ್ತು ಇರುವ ನೀರು ನೋಡಿ ಲೆಕ್ಕ ಹಾಕುವ ಹಾಗೆ ಅಲ್ಲೊಂದು ಫಂಕ್ಷನ್ನು ಬರೆದಿದ್ದೆ. ಕಾನ್ಸ್ಟ್ ಒಳಗೆ ಅದು ನಡೆಯುವುದಿಲ್ಲ. ಓಡಿದ ಮೇಲೆ ಗೊತ್ತಾಗುವಂಥದ್ದು ಏನೂ ಇರಕೂಡದು, ಮೊದಲೇ ಗೊತ್ತಿರುವ ಅಂಕಿಯೇ ಆಗಬೇಕು. ಹಾಳಾಗಿ ಹೋಗಲಿ ಅಂತ ಇಪ್ಪತ್ತೈದು ಅಂತ ಬರೆದೆ. ಆ ಇಪ್ಪತ್ತೈದು ಬರೀ ನನ್ನ ಅಂದಾಜು.

ಎರಡನೇ ಸಲ ಮತ್ತೆ ಕೆಂಪು ಗೆರೆ. ಈ ಸಲದ ದೂರು ಬೇರೆ: ಕಲ್ಲಾದ ಮ್ಯಾಪಿನಲ್ಲಿ ಎಡಗಡೆಯ ಎರಡು ಹೆಸರು ಒಂದೇ ಆಗಿರಕೂಡದು. ಮೊದಲ ಸಾಲಿನಲ್ಲೂ ಕುಂಟೆ ಬೀದಿ, ಕೊನೆಯ ಸಾಲಿನಲ್ಲೂ ಕುಂಟೆ ಬೀದಿ. ಬೇರೆ ಥರದ ಮ್ಯಾಪಾಗಿದ್ದರೆ ಎರಡರಲ್ಲೊಂದನ್ನು ನುಂಗಿಕೊಂಡು ಮುಂದೆ ಹೋಗುತ್ತಿತ್ತು. ಇದು ಕಾನ್ಸ್ಟ್ ಆದ್ದರಿಂದ ಬಾಗಿಲಲ್ಲೇ ನಿಲ್ಲಿಸಿ, ಇದೇನಿದು ಅಂತ ಕೇಳಿತು. ನಿಜ ಹೇಳಬೇಕೆಂದರೆ ನಮ್ಮೂರಲ್ಲಿ ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಆ ಕಂಪೈಲರೊಂದೇ.

ಸೊಣ್ಣಪ್ಪ ಮಾವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮುಂದಿನ ಬ್ಯಾಚಿನವರು ಬಂದು ಬೆಂಚು ಎಳೆಯುತ್ತಿದ್ದರು. ಆಗ ನನ್ನ ತಲೆಗೆ ಹೊಳೆದದ್ದು ಒಂದೇ ಕಾರಣ: ಅವರದೇ ಬೀದಿ ಅದು, ಅದಕ್ಕೇ ಎರಡು ಸಲ. ಬೇಜಾರಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಕೈಯಲ್ಲಿ ಕೀಲಿ ಇರುವವರು ಯಾರು ತಾನೇ ಸುಮ್ಮನಿರುತ್ತಾರೆ ಅಂದುಕೊಂಡೆ. ಮೊದಲ ಸಾಲನ್ನು ಅಳಿಸಿದೆ. ಕೆಂಪು ಗೆರೆ ಮಾಯವಾಯಿತು. ಅಷ್ಟರಲ್ಲಿ ನಂದಕುಮಾರ್ ಫೋನು ಮಾಡಿ ಮುಗಿಯಿತಾ ಅಂದರು. ಮುಗಿಯಿತು, ನಿಮ್ಮ ನೀರುಗಂಟಿ ತಮ್ಮ ಬೀದಿಯನ್ನು ಎರಡು ಸಲ ಬರೆಸಿದ್ದರು, ಒಂದನ್ನು ತೆಗೆದಿದ್ದೇನೆ ಅಂದೆ. ಯಾಕಾದರೂ ಅಂದೆನೋ. ಬಾಯಿ ಮುಚ್ಚಿಕೊಂಡು ಪಾಠಕ್ಕೆ ಹೋಗಬಹುದಿತ್ತು.

ಸಂಜೆ ಬಸ್ಸಿಳಿಯುವ ಹೊತ್ತಿಗೆ ಆ ಮಾತು ಊರೆಲ್ಲ ಸುತ್ತಿ ನನಗಿಂತ ಮುಂಚೆ ನಮ್ಮ ಮನೆ ತಲುಪಿತ್ತು. ಪಕ್ಕದ ಮನೆಯ ಪುಷ್ಪ ಕಾಂಪೌಂಡಿನ ಮೇಲಿಂದ ಬಗ್ಗಿ, ಕಂಪ್ಯೂಟರೇ ಹಿಡಿದುಕೊಟ್ಟಿತಂತಲ್ಲ, ಇಷ್ಟು ವರ್ಷ ನಮ್ಮ ನೀರು ನುಂಗಿದನಂತಲ್ಲ ಅಂದಳು. ನಾನು ಹಾಗೆ ಹೇಳಿಲ್ಲ ಅಂದೆ. ಹಾಗೆ ಹೇಳಿರಲಿಲ್ಲ, ಹೌದು. ಅವಳು ಹಾಗೆ ತಿಳಿಯುವಷ್ಟು ಹೇಳಿದ್ದೆ.

ಬುಧವಾರ ಬೆಳಿಗ್ಗೆ ಮುನೀಂದ್ರನ ಫೋನು ಕೂಗಿತು, ಅವನು ದೇವಸ್ಥಾನದ ಬೀದಿಯ ವಾಲ್ವು ತೆಗೆದ. ಅದು ನಮ್ಮ ಬೀದಿ. ನಂದಕುಮಾರ್ ಮನೆಯೂ ಅಲ್ಲೇ. ನಲ್ಲಿ ಸ್ವಲ್ಪ ಹೊತ್ತು ಗಾಳಿ ಬಿಟ್ಟು, ಆಮೇಲೆ ನೀರು ಬಂತು. ಇಟ್ಟಿಗೆ ತೊಳೆದಂಥ ಕೆಂಪು ನೀರು. ಐದು ನಿಮಿಷ ಬಿಟ್ಟರೂ ಕೆಂಪು, ಹತ್ತು ನಿಮಿಷ ಬಿಟ್ಟರೂ ಕೆಂಪು, ಕೊಡದ ತಳದಲ್ಲಿ ಬೆರಳು ಹಾಕಿದರೆ ಕೆಸರು. ತಿಳಿಯಾಗುವ ಹೊತ್ತಿಗೆ ನಮ್ಮ ಸರದಿಯೇ ಅರ್ಧ ಮುಗಿದಿತ್ತು. ನನ್ನ ಮಗಳ ಯೂನಿಫಾರ್ಮ್ ಷರ್ಟು ಬಕೆಟ್ಟಿನಲ್ಲಿ ನೆನೆಹಾಕಿದ್ದೆ, ಅದು ಹೋಯಿತು. ಉಳಿದ ಬೀದಿಗಳಿಗೆಲ್ಲ ಎಂದಿನಂತೆ ಒಳ್ಳೆಯ ನೀರು ಬಂದಿತ್ತು. ಮೊದಲು ಮುನೀಂದ್ರನನ್ನು ಬೈದರು, ಆಮೇಲೆ ಆ್ಯಪನ್ನು ಬೈದರು. ಎಂಟು ಗಂಟೆಯ ಹೊತ್ತಿಗೆ ಯಾರೋ ಇನ್ನೊಂದು ಕಾರಣ ಕಂಡುಹಿಡಿದರು: ಕಳ್ಳತನ ಹೊರಬಿತ್ತಲ್ಲ, ಸೊಣ್ಣಪ್ಪ ಹೋಗುವಾಗ ಟ್ಯಾಂಕಿಗೆ ಏನೋ ಮಾಡಿ ಹೋಗಿದ್ದಾನೆ. ಆ ಹೊತ್ತಿಗೆ ಸರಿಯಾಗಿ ಬಂಗಾರಪೇಟೆಯಲ್ಲಿ ಅವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ಶುಕ್ರವಾರ ರಜೆ ಹಾಕಿ ಬಂಗಾರಪೇಟೆಗೆ ಹೋದೆ. ಸೊಣ್ಣಪ್ಪ ಮಾವ ಮಲಗಿದ್ದರು. ಊರಿನಲ್ಲಿ ನೋಡಿದ್ದಕ್ಕಿಂತ ಸಣ್ಣಗೆ ಕಂಡರು. ಅಂಜಮ್ಮತ್ತೆ ಬಾಗಿಲ ಹತ್ತಿರ ಕೂತಿದ್ದವರು ನನ್ನನ್ನು ನೋಡಿ ಮುಖ ತಿರುಗಿಸಿದರು. ಎಲ್ಲ ಗೊತ್ತಾಗಿತ್ತು ಇಬ್ಬರಿಗೂ. ಆಪರೇಷನ್ನಿಗೆ ಮುಂಚೆಯೇ ಊರಿನಿಂದ ಒಬ್ಬರು ಫೋನು ಮಾಡಿ, ಏನಯ್ಯಾ ನಿನ್ನ ಕಥೆ ಅಂತ ಕೇಳಿದ್ದರಂತೆ. ಮಾವ ಆ ಮಾತನ್ನು ಕಿವಿಯಲ್ಲಿಟ್ಟುಕೊಂಡು ಒಳಗೆ ಹೋಗಿದ್ದರು.

ನಾನು ಕ್ಷಮೆ ಕೇಳುವುದು ಬಿಟ್ಟು ಕೆಲಸದ ಮಾತೇ ತೆಗೆದೆ. ಕುಂಟೆ ಬೀದಿ ಎರಡು ಸಲ ಯಾಕೆ ಮಾವ ಅಂತ ಕೇಳಿದೆ. ಅವರು ಸೀಲಿಂಗ್ ನೋಡುತ್ತಾ, ಎರಡು ಸಲ ಬಿಟ್ಟಿದ್ದು ನಿಜವೇ ಅಂದರು. ಕಾರಣ ಹೇಳಿದ್ದು ಅಂಜಮ್ಮತ್ತೆ.

"ಮೂರು ದಿನ ಪೈಪಿನಾಗೆ ಕುಂತಿದ್ದ ನೀರಮ್ಮ ಅದು. ತುಕ್ಕು, ಕೆಸರು ಎಲ್ಲಾ ಮೊದ್ಲು ಬತ್ತದೆ. ಯಾರಾದ್ರೂ ಇಡ್ಕೊಳ್ಳೇಬೇಕಲ್ಲ? ಅದ್ನ ನಮ್ ಬೀದಿಗೆ ಬುಟ್ಟು, ತಿಳಿಯಾದ್ಮೇಕೆ ನಿಮ್ಗೆ ಬುಡ್ತಿದ್ದ. ಕಡೇಗೆ ಟ್ಯಾಂಕಿನಾಗೆ ಏನಾನ ಮಿಕ್ಕಿದ್ರೆ ಕುಡಿಯಾಕೆ ಅಂತ ನಮ್ಗೆ. ನಮ್ ಬೀದೀಲಿ ಬಿಳೀ ಬಟ್ಟೆ ಒಣಗಾಕಿದ್ದು ಯಾವತ್ತಾನ ನೋಡಿದ್ದೀಯಾ ನೀನು?"

ನೋಡಿರಲಿಲ್ಲ. ಹನ್ನೊಂದು ವರ್ಷ ಬಸ್ಸಿಗೆ ಹೋಗುವಾಗ ಬರುವಾಗ ಆ ಬೀದಿಯ ತುದಿ ದಾಟಿದ್ದೇನೆ. ತಂತಿಯ ಮೇಲೆ ಒಂದು ಬಿಳಿ ಪಂಚೆ, ಒಂದು ಸ್ಕೂಲ್ ಷರ್ಟು ನನ್ನ ನೆನಪಿನಲ್ಲಿಲ್ಲ. ಅಲ್ಲಿಯವರಿಗೆ ಒಗೆಯುವುದಕ್ಕೆ ಬರುವುದಿಲ್ಲ ಅಂತ ಒಂದು ಸಲ ಪುಷ್ಪನ ಹತ್ತಿರ ಹೇಳಿದ್ದು ಮಾತ್ರ ನೆನಪಾಯಿತು.

ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದೆ. ಅದಕ್ಕೆ ಮಾವ ಮೊದಲ ಸಲ ನನ್ನ ಕಡೆ ತಿರುಗಿದರು. ನಗಲು ಹೋಗಿ, ಹೊಲಿಗೆ ಎಳೆದು, ಹೊಟ್ಟೆ ಹಿಡಿದುಕೊಂಡರು.

"ಏಳಿದ್ರೆ ನಮ್ ಬೀದಿಯೋರೇ ಮೊದ್ಲು ನನ್ನ ಒಡೀತಿದ್ರು ಕಣಮ್ಮ. ಊರಿಗೆಲ್ಲ ಮೊದ್ಲು ನಮ್ಗೇ ಅಂತ ಅವ್ರು ಖುಷಿಯಾಗವ್ರೆ. ಬೋರು ಆಳ, ನೀರೇ ಕೆಂಪು ಅಂದಿದ್ದೆ. ಬ್ಯಾರೆ ಬೀದಿಗೆ ಬುಟ್ಟಿದ್ರೆ ಕಾಗದ ಬರೀತಿದ್ರು, ಕೆಲ್ಸ ಓಗ್ತಿತ್ತು. ಯಾವ್ದಾನ ಒಂದು ಬೀದಿಗೆ ಬುಡ್ಲೇಬೇಕಲ್ಲ. ನಮ್ದಾದ್ರೆ ಬೈಸ್ಕೊಳ್ಳೋದು ಮನೇಲೇ ಮುಗೀತದೆ."

ಇದರಲ್ಲಿ ದೊಡ್ಡತನವೆಷ್ಟು, ಭಯವೆಷ್ಟು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ತನ್ನ ಹೆಂಡತಿ, ಮಗಳು, ಅಕ್ಕಪಕ್ಕದ ಹದಿಮೂರು ಮನೆ, ಎಲ್ಲರನ್ನೂ ಕೇಳದೆ ಅವರ ಪಾಲಿನ ಒಳ್ಳೆಯ ನೀರನ್ನು ನಮಗೆ ಕೊಟ್ಟ ಮನುಷ್ಯ. ಅದನ್ನು ನಾವು ಇಪ್ಪತ್ತಾರು ವರ್ಷ ಕುಡಿದು, ಅವರ ಮೇಲೆ ದೂರು ಬರೆದೆವು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಳು ಬಂತು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ತಲೆನೋವಾ ಅಂತ ಕೇಳಿ ಕಿಟಕಿ ಮುಚ್ಚಿದಳು.

ಕೋಡು ಸರಿ ಮಾಡುವುದು ಕಷ್ಟವಿರಲಿಲ್ಲ. ತಪ್ಪು ಸೊಣ್ಣಪ್ಪ ಮಾವ ಹೇಳಿದ್ದರಲ್ಲಿ ಇರಲಿಲ್ಲ, ನಾನು ಹಿಡಿದುಕೊಂಡ ಪಾತ್ರೆಯಲ್ಲಿತ್ತು. ಬೀದಿಯ ಹೆಸರು ಒಂದೇ ಸಲ ಬರಬೇಕೆನ್ನುವ ಮ್ಯಾಪ್ ಬಿಟ್ಟು, ಸರದಿಯ ಪಟ್ಟಿಯನ್ನು ಲಿಸ್ಟ್ ಮಾಡಿದರೆ ಮುಗಿಯಿತು. ಲಿಸ್ಟಿನಲ್ಲಿ ಒಂದೇ ಬೀದಿ ಎರಡು ಸಲ ಅಲ್ಲ, ಹತ್ತು ಸಲ ಬಂದರೂ, ಮುಂದೆ ಕಾನ್ಸ್ಟ್ ಇದ್ದರೂ ಕಂಪೈಲರು ತಕರಾರು ಮಾಡುವುದಿಲ್ಲ. ಆದರೆ ಸಭೆಯಲ್ಲಿ ಒಪ್ಪದೆ ಪಟ್ಟಿ ಮುಟ್ಟುವ ಹಾಗಿರಲಿಲ್ಲ. ನಂದಕುಮಾರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಭಾನುವಾರ ಮಾತಾಡೋಣ ಅಂದರು. ಶನಿವಾರ ಮತ್ತೆ ನಮ್ಮ ಬೀದಿಗೆ ಕೆಂಪು ನೀರು ಬಂತು. ಆ ಸಂಜೆ ಆಟೋದಲ್ಲಿ ಸೊಣ್ಣಪ್ಪ ಮಾವ ಊರಿಗೆ ಬಂದರು.

ಭಾನುವಾರ ಬೆಳಿಗ್ಗೆ ಪಂಚಾಯ್ತಿ ಕಟ್ಟಡದ ಮುಂದೆ ಸೇರಿದವರು ಅರವತ್ತು ಜನವಾದರೂ ಇದ್ದರು. ಸೊಣ್ಣಪ್ಪ ಮಾವನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಂದಕುಮಾರ್ ಎದ್ದು ನಿಂತು ಮೊದಲ ನೀರಿನ ವಿಷಯ ಪೂರ್ತಿ ಹೇಳಿ, ನಮ್ಮಿಂದ ತಪ್ಪಾಯಿತು ಅಂತ ಮಾವನ ಕೈ ಹಿಡಿದರು. ಅದು ಅವರಿಗೆ ಸುಲಭವಿರಲಿಲ್ಲ, ಒಪ್ಪುತ್ತೇನೆ. ಕಳ್ಳ ಅಂದಿದ್ದವರು ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಕುಂಟೆ ಬೀದಿಯವರು. ಮಾವ ಹೇಳಿದಂತೆಯೇ ಆಯಿತು. ಇಷ್ಟು ವರ್ಷ ನಮ್ಮ ಮಕ್ಕಳಿಗೆ ಕೆಸರು ಕುಡಿಸಿದೆಯಲ್ಲ, ನಿನ್ನ ಮನೆಯದು ಮಾತ್ರ ನಿನ್ನ ಇಷ್ಟ, ನಮ್ಮದನ್ನು ಕೊಡುವುದಕ್ಕೆ ನೀನು ಯಾರು ಅಂತ ಒಬ್ಬರಾದ ಮೇಲೊಬ್ಬರು ಎದ್ದರು. ಅವರು ಕೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಮಾವ ತಲೆ ತಗ್ಗಿಸಿ ಕೂತಿದ್ದರು. ಅತ್ತ ಊರೂ ಬೈದಿತ್ತು, ಇತ್ತ ಬೀದಿಯೂ ಬೈಯಿತು. ಕೆಲಸ ಮಾಡಿದ್ದಕ್ಕೆ ಆ ಮನುಷ್ಯನಿಗೆ ಸಿಕ್ಕಿದ್ದು ಇಷ್ಟೇ.

ಕೊನೆಗೆ ಕುಂಟೆ ಬೀದಿಯ ವೆಂಕಟರತ್ನಮ್ಮ ಎದ್ದರು. ಎರಡು ಹಸು ಕಟ್ಟಿಕೊಂಡು ಜೀವನ ಮಾಡುವ ಹೆಂಗಸು, ಕೂಗಾಡುವವರಲ್ಲ. ಆಗಿದ್ದು ಆಯಿತು, ಅವನನ್ನು ಬೈದರೆ ಹೋದ ನೀರು ಬರುವುದಿಲ್ಲ ಅಂದರು. ಆಮೇಲೆ ನೇರವಾಗಿ ಕೇಳಿದರು:

"ಮೊದ್ಲ ನೀರ್ನ ಸರದಿ ಹಾಕಿ. ಒಂದ್ಸಲ ನಮ್ ಬೀದಿ, ಒಂದ್ಸಲ ನಿಮ್ದು. ಆರು ಬೀದಿ ಐತೆ, ಹದಿನೆಂಟು ದಿನಕ್ಕೊಂದ್ಸಲ ಕೆಂಪು ನೀರು ಬಂದ್ರೆ ಯಾರೂ ಸಾಯಲ್ಲ."

ಇದಕ್ಕಿಂತ ನ್ಯಾಯ ಇನ್ನೇನಿದೆ? ಅದನ್ನು ಕೇಳಿದ ಮೇಲೆ ಒಬ್ಬೊಬ್ಬರ ಕಾರಣ ಹೊರಗೆ ಬರತೊಡಗಿತು. ಶಾಲೆ ಬೀದಿಯಲ್ಲಿ ಮಕ್ಕಳ ಬಿಸಿಯೂಟ. ಡೈರಿ ಬೀದಿಯಲ್ಲಿ ಹಾಲಿನ ಕ್ಯಾನು ತೊಳೆಯಬೇಕು. ದೇವಸ್ಥಾನದ ಬೀದಿಯಲ್ಲಿ ಅಭಿಷೇಕಕ್ಕೆ ಕೆಂಪು ನೀರು ಹಾಕುವುದೇ? ಮೇಲಿನ ಬೀದಿಗೆ ಮೊದಲೇ ನೀರು ಕಡಿಮೆ. ಹೊಸ ಬಡಾವಣೆಯವರಿಗೆ ಕಾರಣ ಸಿಗಲಿಲ್ಲ, ಆದರೂ ಬೇಡ ಅಂದರು. ವೆಂಕಟರತ್ನಮ್ಮ ಕೂರಲಿಲ್ಲ, ನಿಂತೇ ಇದ್ದರು. ಆಗ ನಂದಕುಮಾರ್ ನನ್ನ ಕಡೆ ತಿರುಗಿ, ಹೀಗೆ ಸರದಿ ಬದಲಾಗುತ್ತಾ ಹೋಗುವುದು ನಿಮ್ಮ ಆ್ಯಪಿನಲ್ಲಿ ಆಗುತ್ತದಾ ಟೀಚರಮ್ಮ ಅಂತ ಕೇಳಿದರು. ಅರವತ್ತು ಜನವೂ ನನ್ನನ್ನು ನೋಡಿದರು.

ಆಗುತ್ತದೆ. ಆರು ಲಿಸ್ಟ್ ಬರೆದು, ಆರನ್ನೂ ಕಾನ್ಸ್ಟ್ ಮಾಡಿ, ದಿನದ ಲೆಕ್ಕದಲ್ಲಿ ಇದಾದ ಮೇಲೆ ಅದು ಅಂತ ತೋರಿಸಿದರಾಯಿತು. ಹತ್ತು ಸಾಲಿನ ಕೋಡು. ಹೋದ ವಾರ ಅದನ್ನೇ ಮಧ್ಯಾಹ್ನದ ಬ್ಯಾಚಿಗೆ ಪಾಠ ಮಾಡಿದ್ದೆ. ನನಗೆ ಸುಸ್ತಾಗಿತ್ತು, ಅದು ನಿಜ. ವಾರವಿಡೀ ಜನ ಬಾಗಿಲಿಗೆ ಬಂದು ಬೈದು ಹೋಗಿದ್ದರು, ಇನ್ನೊಂದು ಸಲ ಈ ಕೆಲಸಕ್ಕೆ ಕೈ ಹಾಕುವುದು ನನಗೆ ಬೇಡವಾಗಿತ್ತು. ಆದರೆ ನನ್ನ ನಾಲಿಗೆಗೆ ಬಂದದ್ದು ಸುಸ್ತಿನಿಂದಲ್ಲ. ಹದಿನೆಂಟು ದಿನಕ್ಕೊಮ್ಮೆ ಆ ಕೆಂಪು ನೀರು ನಮ್ಮ ಮನೆಯ ನಲ್ಲಿಯಲ್ಲೂ ಬರುತ್ತದೆ ಅಂತ ಆಗ ನಾನು ಲೆಕ್ಕ ಹಾಕುತ್ತಿದ್ದೆ.

"ಇಲ್ಲ ಸಾರ್," ಅಂದೆ. "ಅದು ಕಾನ್ಸ್ಟ್. ಒಂದು ಸಲ ಇಟ್ಟ ಮೇಲೆ ಸಲಕ್ಕೊಂದು ಥರ ಬದಲಾಗೋ ಹಾಗಿಲ್ಲ."

ಯಾರೂ ಮತ್ತೆ ಕೇಳಲಿಲ್ಲ. ಎಲ್ಲರಿಗೂ ಎಷ್ಟು ಹಗುರವಾಯಿತೆಂದರೆ, ಕುರ್ಚಿಗಳು ಸರಿದಾಡಿದವು, ಯಾರೋ ಟೀ ತರಿಸಿ ಅಂದರು. ಮಿಷನ್ನಿನಲ್ಲೇ ಆಗುವುದಿಲ್ಲ ಅಂದ ಮೇಲೆ ಏನು ಮಾಡುವುದು ಅಂತ ವೆಂಕಟರತ್ನಮ್ಮ ಮೆಲ್ಲಗೆ ಹೇಳಿ, ಸೆರಗು ಸರಿ ಮಾಡಿಕೊಂಡು ಕೂತುಬಿಟ್ಟರು. ಅವರು ನನ್ನನ್ನು ನಂಬಿದರು. ಸೊಣ್ಣಪ್ಪ ಮಾವ ಮಾತ್ರ ತಲೆ ಎತ್ತಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಕಂಪ್ಯೂಟರು ಗೊತ್ತಿಲ್ಲ. ಊರಿನವರ ಮುಖ ಗೊತ್ತು, ಇಪ್ಪತ್ತಾರು ವರ್ಷದಿಂದ ಮನೆಮನೆಯ ನಲ್ಲಿಯ ಮುಂದೆ ನಿಂತು ನೋಡಿದವರು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಯಾವ ಕೋಪವೂ ಇಲ್ಲದೆ ಹೇಳಿದರು.

"ಬರ್ಕೊಳ್ಳಮ್ಮ. ಮೊದ್ಲು ಕುಂಟೆ ಬೀದಿ, ಇಪ್ಪತ್ತು ನಿಮಿಷ."

ಅಲ್ಲೇ, ಪಂಚಾಯ್ತಿಯ ಜಗಲಿಯ ಮೇಲೆ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಬರೆದೆ. ಮ್ಯಾಪನ್ನು ಲಿಸ್ಟ್ ಮಾಡಿದೆ. ಮೊದಲ ಸಾಲಿನಲ್ಲಿ ಕುಂಟೆ ಬೀದಿ, ಕೊನೆಯ ಸಾಲಿನಲ್ಲಿ ಕುಂಟೆ ಬೀದಿ. ಕಂಪೈಲರು ಎಲ್ಲೂ ತಡೆಯಲಿಲ್ಲ, ಒಂದು ಗೆರೆಯೂ ಕೆಂಪಾಗಲಿಲ್ಲ. ಮುನೀಂದ್ರನ ಫೋನಿಗೆ ಹಾಕಿಕೊಟ್ಟೆ.

ಮಂಗಳವಾರ ಬೆಳಿಗ್ಗೆ ನಮ್ಮ ನಲ್ಲಿಯಲ್ಲಿ ತಿಳಿ ನೀರು ಬಂತು. ಎಂಟೂಕಾಲರ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೊಡ, ಬಕೆಟ್ಟು, ಹಂಡೆ, ಕೊನೆಗೆ ಚೊಂಬನ್ನೂ ಬಿಡದೆ ಎಲ್ಲವನ್ನೂ ತುಂಬಿಸಿಕೊಂಡೆ.